ಎಡ ಕಾರ್ನರ್ ಹುಡುಗನ ಎರಡು ನಿಮಿಷದ ವಿಡಿಯೊ

ಒಂದು ಭಾನುವಾರ ಬೆಳಿಗ್ಗೆ ಕೊಡಿಯಾಲ್‌ಬೈಲ್‌ನ ನನ್ನ ರೂಮಿಗೆ ಹುಡುಗನೊಬ್ಬ ಪೆನ್‌ಡ್ರೈವ್ ಹಿಡಿದುಕೊಂಡು ಬಂದ. ನಮ್ಮೂರಿನ ಕಡೆಯವನೇ. ನಗರದ ಒಂದು ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷ, ಕಾಲೇಜು ಕಬಡ್ಡಿ ತಂಡದ ಎಡ ಕಾರ್ನರ್. "ಅಣ್ಣ, ನೀವು ಜರ್ನಲಿಸಂ ಮಾಡಿದವರಲ್ವಾ, ಎಡಿಟಿಂಗ್ ಬರ್ತದಲ್ಲ. ಎರಡು ನಿಮಿಷದ್ದು ಒಂದು ವಿಡಿಯೊ ಮಾಡಿ ಕೊಡಿ, ಟ್ರಯಲ್ಸ್‌ಗೆ ಕಳಿಸ್ಲಿಕ್ಕೆ" ಅಂದ. ಪತ್ರಿಕೋದ್ಯಮ ಓದಿದವರಿಗೆ ಮದುವೆ ವಿಡಿಯೊದಿಂದ ಹಿಡಿದು ಬ್ಯಾನರ್ ವಿನ್ಯಾಸದವರೆಗೆ ಎಲ್ಲವೂ ಬರುತ್ತದೆ ಎಂದು ಊರಿನವರು ನಂಬಿದ್ದಾರೆ. ನಾನೂ ಆ ನಂಬಿಕೆಯನ್ನು ಕೆಡಿಸಲು ಹೋಗುವುದಿಲ್ಲ.

ಪೆನ್‌ಡ್ರೈವಿನಲ್ಲಿ ಮೂರು ಪೂರ್ತಿ ಪಂದ್ಯಗಳಿದ್ದವು. ಸ್ನೇಹಿತರು ಮೊಬೈಲಿನಲ್ಲಿ ತೆಗೆದದ್ದು. ಹಿನ್ನೆಲೆಯಲ್ಲಿ ತುಳು ಕಾಮೆಂಟ್ರಿ, ನಡುನಡುವೆ ಯಾರದೋ ತಲೆ ಅಡ್ಡ. ಅವನು ತಾನು ರೈಡರನ್ನು ಹಿಡಿದ ಕ್ಷಣಗಳನ್ನೆಲ್ಲ ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡು ಬಂದಿದ್ದ. ಅಷ್ಟನ್ನೇ ಕತ್ತರಿಸಿ ಜೋಡಿಸಿ, ಹಿಂದೆ ಒಂದು ಹಾಡು ಹಾಕಿದರೆ ನನ್ನ ಕೆಲಸ ಮುಗಿಯುತ್ತಿತ್ತು. ಆದರೆ ಕ್ಲಿಪ್ ಎಲ್ಲಿ ಶುರು, ಎಲ್ಲಿ ಕೊನೆ ಎಂದು ನೋಡಲು ಹಿಂದೆ ಮುಂದೆ ಓಡಿಸುತ್ತಾ ಹೋದಾಗ ಮೂರು ಪಂದ್ಯಗಳನ್ನೂ ಪೂರ್ತಿ ನೋಡಿಬಿಟ್ಟೆ. ಅವನ ಅತ್ಯುತ್ತಮ ಆಟ ಅವನ ಚೀಟಿಯಲ್ಲಿ ಇರಲೇ ಇಲ್ಲ. ಅತಿ ಕೆಟ್ಟ ಆಟವೂ ಇರಲಿಲ್ಲ.

ಎರಡನೇ ಪಂದ್ಯದ ಮೊದಲಾರ್ಧವನ್ನೇ ತೆಗೆದುಕೊಳ್ಳಿ. ಎದುರಾಳಿ ತಂಡದಲ್ಲಿ ಒಬ್ಬ ಒಳ್ಳೆಯ ರೈಡರ್ ಇದ್ದ, ಉದ್ದ ಕಾಲಿನವ. ಆರಂಭದಲ್ಲಿ ಎರಡು ಸಲ ಎಡ ಕಾರ್ನರ್ ಕಡೆಗೆ ಬಂದ. ನಮ್ಮ ಹುಡುಗ ಹಿಡಿಯಲಿಲ್ಲ, ಮುಟ್ಟಲೂ ಇಲ್ಲ. ಅರ್ಧ ಹೆಜ್ಜೆ ಒಳಗೆ ಜರುಗಿ ಬಗ್ಗಿ ನಿಂತ, ಅಷ್ಟೇ. ಬೋನಸ್ ಗೆರೆಯತ್ತ ಕಾಲು ಚಾಚಬೇಕೆಂದಿದ್ದ ರೈಡರ್ ಚಾಚಿದರೆ ಕಣಕಾಲು ಅವನ ಕೈಗೆ ಸಿಗುತ್ತದೆ ಎಂದು ಅಂದಾಜು ಮಾಡಿ ಹಿಂದೆ ಹೋದ. ಮೂರನೇ ಸಲ ಅವನು ಎಡಕ್ಕೆ ಬರಲೇ ಇಲ್ಲ. ಆಮೇಲೆ ಆ ಅರ್ಧದಲ್ಲಿ ಅವನ ಎಲ್ಲ ದಾಳಿಗಳೂ ಬಲ ಕಾರ್ನರ್ ಕಡೆಗೆ. ಬಲ ಕಾರ್ನರ್ ಹುಡುಗ ಮತ್ತೆ ಮತ್ತೆ ಪ್ರಯತ್ನಿಸಿದ. ಕೆಲವು ಹಿಡಿದ, ಕೆಲವು ಬಿಟ್ಟ. ಪಂದ್ಯಾಟದ ಕೊನೆಗೆ 'ಬೆಸ್ಟ್ ಕ್ಯಾಚರ್' ಟ್ರೋಫಿ ಹೋದದ್ದು ಆ ಬಲ ಕಾರ್ನರ್ ಹುಡುಗನಿಗೆ! ಎಡಗಡೆಯ ಬಾಗಿಲು ಮುಚ್ಚಿದ್ದರಿಂದ ರೈಡರ್ ಬಲಗಡೆಯ ಬಾಗಿಲಿಗೆ ಹೋದ. ಬಲಗಡೆಯವನಿಗೆ ಅವಕಾಶ ಹೆಚ್ಚಾಯಿತು, ಅಂಕವೂ ಹೆಚ್ಚಾಯಿತು. ಬಾಗಿಲು ಮುಚ್ಚಿದವನ ಹೆಸರಿನ ಮುಂದೆ ಆ ಅರ್ಧದಲ್ಲಿ ಸೊನ್ನೆ.

ಕಾಲೇಜು ಮಟ್ಟದ ರಕ್ಷಣಾ ಆಟಗಾರರನ್ನು ವೃತ್ತಿಪರ ಲೀಗಿಗೆ ಆರಿಸುವಾಗ ನಾವು ತಪ್ಪಾದ ಲೆಕ್ಕ ಇಡುತ್ತಿದ್ದೇವೆ ಎಂಬುದು ನನ್ನ ತಕರಾರು. 'ನಾವು' ಅಂದರೆ ಲೀಗಿನವರು ಮಾತ್ರ ಅಲ್ಲ. ಕಾಲೇಜು, ಪಂದ್ಯಾಟದ ಸಂಘಟಕರು, ವರದಿ ಬರೆಯುವ ನಾವು, ಎಲ್ಲರೂ.

ರೈಡರನ್ನು ಅಳೆಯುವುದು ಸುಲಭ. ಅವನು ಒಬ್ಬನೇ ಹೋಗುತ್ತಾನೆ, 30 ಸೆಕೆಂಡಿನಲ್ಲಿ ಏನಾದರೊಂದು ಆಗುತ್ತದೆ, ಅದು ಎಲ್ಲರ ಕಣ್ಣ ಮುಂದೆ ಆಗುತ್ತದೆ. ಡಿಫೆಂಡರ್ ಏಳು ಜನರಲ್ಲಿ ಒಬ್ಬ. ಒಂದು ಟ್ಯಾಕಲ್ ಆಗಬೇಕಾದರೆ ಕಾರ್ನರಿನವ ಕಾಲು ಹಿಡಿಯಬೇಕು, ಕವರಿನವ ಬಂದು ಮುಚ್ಚಬೇಕು, ಆಚೆ ಕಡೆಯ ಇನ್ನೊಬ್ಬ ಮಿಡ್‌ಲೈನಿನ ದಾರಿ ಕಟ್ಟಬೇಕು. ಅಂಕ ಬರೆಯುವಾಗ ಹೆಸರು ಒಂದೇ. ಕಾರ್ನರ್ ಹಿಡಿದ ಕಾಲನ್ನು ಕವರ್ ಬಂದು ಭದ್ರ ಮಾಡದಿದ್ದರೆ ಅದು ಟ್ಯಾಕಲ್ ಅಲ್ಲ, ಎದುರಾಳಿಗೆ ಕೊಟ್ಟ ಅಂಕ.

ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ ಉಂಟು, 'ಡೂ ಆರ್ ಡೈ' ನಿಯಮ. ಪ್ರೊ ಕಬಡ್ಡಿ ನೋಡುವವರಿಗೆ ಗೊತ್ತು: ಒಂದು ತಂಡ ಸತತ ಎರಡು ರೈಡ್‌ಗಳಲ್ಲಿ ಅಂಕವಿಲ್ಲದೆ ವಾಪಸಾದರೆ ಮೂರನೇ ರೈಡಿನಲ್ಲಿ ಅಂಕ ತರಲೇಬೇಕು. ತರದಿದ್ದರೆ ರೈಡರ್ ಔಟ್. ಈ ಮೂರನೇ ರೈಡಿನಲ್ಲಿ ರೈಡರ್ ಅನಿವಾರ್ಯವಾಗಿ ಒಳಗೆ ನುಗ್ಗುತ್ತಾನೆ, ಡಿಫೆನ್ಸ್ ಕಾದು ಹಿಡಿಯುತ್ತದೆ, ಪ್ರೇಕ್ಷಕರು ಕುಣಿಯುತ್ತಾರೆ. ಅಂಕ ಹಿಡಿದವನಿಗೆ. ಆದರೆ ಆ ಮೂರನೇ ರೈಡು ಬರುವಂತೆ ಮಾಡಿದ್ದು ಅದಕ್ಕಿಂತ ಮುಂಚಿನ ಎರಡು ಖಾಲಿ ರೈಡ್‌ಗಳು. ಅವುಗಳಲ್ಲಿ ಕಾಲು ಮುಂದಿಡದೆ, ಆಸೆಗೆ ಬೀಳದೆ, ಬೋನಸ್ ಕೊಡದೆ ನಿಂತವರ ಹೆಸರಿಗೆ ಏನೂ ಇಲ್ಲ. ಮೂರನೇ ರೈಡಿನಲ್ಲಿ ರೈಡರ್ ಯಾರನ್ನೂ ಮುಟ್ಟಲಾಗದೆ ಸಮಯ ಮುಗಿಸಿ ಔಟಾದರೆ ಅಂಕ ತಂಡಕ್ಕೆ ಸೇರುತ್ತದೆ, ಯಾವ ಡಿಫೆಂಡರನ ಖಾತೆಗೂ ಟ್ಯಾಕಲ್ ಬೀಳುವುದಿಲ್ಲ. ಅಂದರೆ ಡಿಫೆನ್ಸ್ ಅತ್ಯಂತ ಚೆನ್ನಾಗಿ ಆಡಿದ ಮೂರು ರೈಡ್‌ಗಳ ನಂತರ ಎಲ್ಲ ಡಿಫೆಂಡರುಗಳ ವೈಯಕ್ತಿಕ ಲೆಕ್ಕ ಸೊನ್ನೆಯಾಗಿಯೇ ಇರಬಹುದು.

ಇದರ ತದ್ವಿರುದ್ಧವನ್ನೂ ನೋಡಿ. ಒಬ್ಬ ಹುಡುಗ ಒಂದು ಪಂದ್ಯದಲ್ಲಿ ಐದು ಟ್ಯಾಕಲ್ ಅಂಕ ಪಡೆದರೆ ಅದಕ್ಕೆ 'ಹೈ ಫೈವ್' ಎನ್ನುತ್ತಾರೆ, ಟಿ.ವಿ.ಯಲ್ಲಿ ದೊಡ್ಡದಾಗಿ ಬರುತ್ತದೆ. ಅದೇ ಹುಡುಗ ಅದೇ ಪಂದ್ಯದಲ್ಲಿ ಎಂಟು ಸಲ ಹಿಡಿಯಲು ಹೋಗಿ ತಪ್ಪಿಸಿಕೊಂಡಿರಬಹುದು. ಪ್ರತಿ ತಪ್ಪಿಗೆ ಎದುರಾಳಿಗೆ ಕನಿಷ್ಠ ಒಂದು ಅಂಕ, ಇವನು ಹೊರಗೆ ಬೆಂಚಿಗೆ, ಒಳಗೆ ಆರೇ ಜನ. ಬೆನ್ನಿಗೆ ಬಂದ ಕವರಿನವನನ್ನೂ ರೈಡರ್ ಎಳೆದುಕೊಂಡು ಹೋದರೆ ಎರಡು ಅಂಕ. ಲೀಗಿನ ಒಳ್ಳೆಯ ಡಿಫೆಂಡರುಗಳಲ್ಲೂ ಹೆಚ್ಚಿನವರಿಗೆ ಎರಡು ಪ್ರಯತ್ನಕ್ಕೆ ಒಂದು ಯಶಸ್ಸು ಬಂದರೆ ಅದೇ ದೊಡ್ಡದು. ಲೀಗಿನಲ್ಲಾದರೆ ತಪ್ಪಿದ ಪ್ರಯತ್ನಗಳನ್ನೂ ಎಣಿಸಿ ಪ್ರಕಟಿಸುತ್ತಾರೆ. ನಮ್ಮ ಕಾಲೇಜು ಪಂದ್ಯಗಳಲ್ಲಿ, ಊರಿನ ಹೊನಲು ಬೆಳಕಿನ ಪಂದ್ಯಾಟಗಳಲ್ಲಿ ಅದನ್ನು ಎಣಿಸುವವರು ನನಗಂತೂ ಸಿಕ್ಕಿಲ್ಲ.

ನಮ್ಮ ಹುಡುಗನ ಕೆಟ್ಟ ಆಟ ಅಂದೆನಲ್ಲ, ಅದು ಇಲ್ಲಿಯೇ ಇತ್ತು. ತಂಡ ಮುಂದಿರುವಾಗ ಅಥವಾ ಸಮಬಲ ಇರುವಾಗ ಅವನು ಬಂಡೆ. ತಂಡ ಐದಾರು ಅಂಕ ಹಿಂದೆ ಬಿದ್ದ ಕೂಡಲೇ ಅವನಿಗೆ ತಾಳ್ಮೆ ಇರುವುದಿಲ್ಲ. ರೈಡರ್ ಇನ್ನೂ ಬಾಕ್ ಲೈನ್ ದಾಟಿ ಸರಿಯಾಗಿ ಒಳಗೆ ಬಂದಿರುವುದಿಲ್ಲ, ಇವನು ಹಾರಿ ಬಿದ್ದಿರುತ್ತಾನೆ. ಮೂರನೇ ಪಂದ್ಯದ ಕೊನೆಯ ಹತ್ತು ನಿಮಿಷ ನೋಡಿದರೆ ಬೇರೆಯೇ ಆಟಗಾರ ಅನ್ನಿಸುತ್ತದೆ. ಅವನನ್ನು ತೆಗೆದುಕೊಳ್ಳುವ ಕೋಚಿಗೆ ಇದೂ ಗೊತ್ತಿರಬೇಕು. ಗೊತ್ತಾದರೆ ತಿದ್ದಬಹುದಾದ ದೋಷ ಅದು. ಎರಡು ನಿಮಿಷದ ವಿಡಿಯೊದಲ್ಲಿ ಅದು ಕಾಣುವುದಿಲ್ಲ, ಹಾಡು ಮಾತ್ರ ಕೇಳುತ್ತದೆ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಲು ಕಾರಣ, ಈಗ ಡಿಫೆಂಡರಿಗೆ ನಿಜವಾಗಿಯೂ ಬೆಲೆ ಬಂದಿರುವುದು. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಮೊದಲ ಹರಾಜಿನ ಅತಿ ದೊಡ್ಡ ಮೊತ್ತ ರಾಕೇಶ್ ಕುಮಾರ್‌ಗೆ ಸಿಕ್ಕ 12.80 ಲಕ್ಷ ರೂಪಾಯಿ. ಎರಡೇ ವರ್ಷದಲ್ಲಿ, 2016ರ ನಾಲ್ಕನೇ ಆವೃತ್ತಿಯಲ್ಲಿ, ಹರಾಜಿನ ಅತಿ ದುಬಾರಿ ಆಟಗಾರ ಒಬ್ಬ ಬಲ ಕಾರ್ನರ್. 53 ಲಕ್ಷಕ್ಕೆ ಮೋಹಿತ್ ಛಿಲ್ಲರ್ ಅವರನ್ನು ಕೊಂಡದ್ದು ನಮ್ಮ ಬೆಂಗಳೂರು ಬುಲ್ಸ್. 2018ರಲ್ಲಿ ಲೀಗಿನ ಇತಿಹಾಸದಲ್ಲಿ ಮೊದಲ ಬಾರಿ ಒಂದು ಕೋಟಿ ಮುಟ್ಟಿದ ಹೆಸರು ಇರಾನಿನ ಫಜಲ್ ಅತ್ರಾಚಲಿ, ಎಡ ಕಾರ್ನರ್. 2023ರಲ್ಲಿ ಮೊಹಮ್ಮದ್ರೆಜಾ ಶಾದ್ಲೂಯಿಗೆ ಪುಣೇರಿ ಪಲ್ಟನ್ ಕೊಟ್ಟದ್ದು 2.35 ಕೋಟಿ. ಅವರದ್ದೂ ಎಡ ಕಾರ್ನರ್. 2024ರಲ್ಲಿ ಸುನಿಲ್ ಕುಮಾರ್ ಎಂಬ ಕವರ್ ಆಟಗಾರನಿಗೆ ಯು ಮುಂಬಾ ಒಂದು ಕೋಟಿಗಿಂತ ಹೆಚ್ಚು ಕೊಟ್ಟಿತು. 2018ರ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಇರಾನ್ ನಮ್ಮ ಪುರುಷರ ತಂಡವನ್ನು 27–18ರಿಂದ ಸೋಲಿಸಿದ್ದು ನೆನಪಿರಬಹುದು. ಇಡೀ ಪಂದ್ಯದಲ್ಲಿ ಭಾರತಕ್ಕೆ ಸಿಕ್ಕಿದ್ದು 18 ಅಂಕ. ಡಿಫೆನ್ಸಿನಿಂದಲೇ ಪಂದ್ಯ ಗೆಲ್ಲಬಹುದು ಎಂದು ಬಿಡಿಸಿ ಹೇಳುವ ಅಗತ್ಯ ಆಮೇಲೆ ಯಾರಿಗೂ ಬರಲಿಲ್ಲ.

ಆದರೆ ಕರಾವಳಿಯಿಂದ ಲೀಗಿಗೆ ಹೋದವರು ಅಂದರೆ ನಮಗೆ ಥಟ್ಟನೆ ನೆನಪಾಗುವ ಹೆಸರು ಸುಕೇಶ್ ಹೆಗ್ಡೆ, ಪ್ರಶಾಂತ್ ಕುಮಾರ್ ರೈ. ಇಬ್ಬರೂ ರೈಡರುಗಳು. ಮಹಿಳೆಯರಲ್ಲಿ ಕಾರ್ಕಳದ ಮಮತಾ ಪೂಜಾರಿ, 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನ, ಅರ್ಜುನ ಪ್ರಶಸ್ತಿ. ಅವರೂ ರೈಡರ್ ಎಂದೇ ಪ್ರಸಿದ್ಧಿ. ತಮಾಷೆ ಎಂದರೆ ಸುಕೇಶ್ ಹೆಗ್ಡೆ ನಾಯಕರಾಗಿದ್ದ ಗುಜರಾತ್ ತಂಡ 2017ರಲ್ಲಿ ತನ್ನ ಮೊದಲ ಆವೃತ್ತಿಯಲ್ಲೇ ಫೈನಲಿಗೆ ಬಂದದ್ದರಲ್ಲಿ ಡಿಫೆನ್ಸಿನ ಪಾಲು ಬಹಳ ದೊಡ್ಡದು. ಕಾರ್ನರುಗಳಲ್ಲಿ ಫಜಲ್ ಅತ್ರಾಚಲಿ ಮತ್ತು ಅಬೋಜರ್ ಮಿಘಾನಿ, ಕವರುಗಳಲ್ಲಿ ಆಗಿನ್ನೂ ಹೆಚ್ಚು ಹೆಸರು ಮಾಡದ ಸುನಿಲ್ ಕುಮಾರ್ ಮತ್ತು ಪರ್ವೇಶ್ ಭೈನ್ಸ್‌ವಾಲ್. ನಾವು ಇಲ್ಲಿ ಕುಳಿತು ನಮ್ಮ ನಾಯಕನ ರೈಡುಗಳಿಗೆ ಚಪ್ಪಾಳೆ ಹೊಡೆದೆವು. ಆ ನಾಲ್ವರು ನಿಂತ ರೀತಿಯನ್ನು ನಮ್ಮ ಕಾಲೇಜು ಹುಡುಗರಿಗೆ ತೋರಿಸಿದವರು ಎಷ್ಟು ಮಂದಿಯೋ.

ನಮ್ಮಲ್ಲಿ ಹಿಡಿಯುವವರು ಹುಟ್ಟುವುದಿಲ್ಲ ಎಂದಲ್ಲ. ಕೊಡಿಯಾಲ್‌ಬೈಲ್ ಎಂಬ ಹೆಸರಿನಲ್ಲೇ ಬೈಲು ಉಂಟು. ಈಗ ಇಲ್ಲಿ ಬೈಲೂ ಇಲ್ಲ, ಗದ್ದೆಯೂ ಇಲ್ಲ, ಕಾಲೇಜು, ಫ್ಲಾಟು, ಸಿಗ್ನಲ್ಲು. ಆದರೆ ಈ ನಗರದ ಕಾಲೇಜು ತಂಡಗಳಲ್ಲಿ ಆಡುವ ಅನೇಕ ಹುಡುಗರು ಕಬಡ್ಡಿ ಕಲಿತದ್ದು ಬೆಳ್ತಂಗಡಿ, ಪುತ್ತೂರು, ಸುಳ್ಯ, ಬಂಟ್ವಾಳದ ಕೊಯ್ಲಾದ ಗದ್ದೆಗಳಲ್ಲಿ, ಶಾಲೆಯ ಅಂಗಳದಲ್ಲಿ. ಮಣ್ಣಿನಲ್ಲಿ ಕಲಿತ ಹಿಡಿತಕ್ಕೆ ಒಂದು ಗುಣ ಇದೆ. ಬರಿಗಾಲಿನ ರೈಡರ್ ಮಣ್ಣಿನಲ್ಲಿ ತಿರುಗುವಾಗ ಒಂದು ಕ್ಷಣ ಜಾರುತ್ತಾನೆ, ಆ ಕ್ಷಣಕ್ಕೆ ಕಾಯುವುದನ್ನು ನಮ್ಮ ಹುಡುಗರು ಕಲಿತಿರುತ್ತಾರೆ. ಮ್ಯಾಟಿನಲ್ಲಿ ಶೂ ಹಾಕಿದ ರೈಡರ್ ಜಾರುವುದು ಕಡಿಮೆ. ಅವನು ತಟ್ಟನೆ ನಿಂತು ತಟ್ಟನೆ ತಿರುಗುತ್ತಾನೆ, ಕಾಯುತ್ತಾ ಕುಳಿತ ಕೈಗೆ ಗಾಳಿ ಸಿಗುತ್ತದೆ. ಈಗ ಊರಿನ ದೊಡ್ಡ ಪಂದ್ಯಾಟಗಳಿಗೆ ಮ್ಯಾಟ್ ಬಂದಿದೆ, ಒಳ್ಳೆಯದು. ಆದರೆ ವರ್ಷದಲ್ಲಿ ಕೆಲವು ರಾತ್ರಿ ಮ್ಯಾಟಿನ ಮೇಲೆ ಆಡಿ ಉಳಿದ ದಿನ ಮಣ್ಣಿನಲ್ಲಿ ಅಭ್ಯಾಸ ಮಾಡುವ ಕಾರ್ನರ್ ಆಟಗಾರನನ್ನು ಒಂದು ಟ್ರಯಲ್ಸಿನ ಅರ್ಧ ಗಂಟೆಯಲ್ಲಿ ಅಳೆದರೆ ಅಳತೆ ಸಿಗುವುದು ಅವನ ಶಕ್ತಿಯದ್ದಲ್ಲ, ಅವನಿಗೆ ಸಿಕ್ಕ ಮ್ಯಾಟಿನದ್ದು.

ತೂಕದ ವಿಷಯ ಹೇಳದೆ ಈ ಲೇಖನ ಮುಗಿಸುವ ಹಾಗಿಲ್ಲ. ಸೀನಿಯರ್ ಪುರುಷರ ಕಬಡ್ಡಿಯಲ್ಲಿ ತೂಕದ ಮಿತಿ 85 ಕಿಲೋ. ನಮ್ಮ ಊರುಗಳಲ್ಲಿ ಬ್ಯಾನರ್ ನೋಡಿ: 55 ಕೆ.ಜಿ. ವಿಭಾಗ, 60 ಕೆ.ಜಿ. ವಿಭಾಗ, 65 ಕೆ.ಜಿ. ವಿಭಾಗ. ಹೆಚ್ಚು ತಂಡಗಳು ಬರಲಿ, ಸಣ್ಣ ಮೈಯ ಹುಡುಗರಿಗೂ ಅವಕಾಶ ಸಿಗಲಿ ಎಂಬ ಒಳ್ಳೆಯ ಉದ್ದೇಶವೇ ಇದರ ಹಿಂದೆ ಇರುವುದು. ಆದರೆ ಆಗುವುದೇನು? 19–20 ವರ್ಷದ, 68 ಕಿಲೋ ತೂಗುವ ಕವರ್ ಆಟಗಾರ 65ರ ವಿಭಾಗಕ್ಕೆ ಇಳಿಯಲು ಮೂರು ದಿನ ಊಟ ಬಿಡುತ್ತಾನೆ, ಸ್ವೆಟರ್ ಹಾಕಿಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಓಡುತ್ತಾನೆ, ನೀರು ಕುಡಿಯದೆ ತೂಕದ ಮಿಷನ್ ಹತ್ತುತ್ತಾನೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ನಮ್ಮ ತಂಡದ ಹುಡುಗರಿಗೆ ಹುರಿದುಂಬಿಸಿದ್ದೂ ಇದೆ, ಈಗ ನಾಚಿಕೆಯಾಗುತ್ತದೆ. ಲೀಗಿಗೆ ಬೇಕಾದ ಕವರ್ ಆಟಗಾರ 80 ಕಿಲೋ ಆಸುಪಾಸಿನ ರೈಡರನ್ನು ಎದೆಯಿಂದ ತಡೆಯಬೇಕಾದವ. ಮಾಂಸಖಂಡ ಬೆಳೆಯಬೇಕಾದ ವಯಸ್ಸಿನಲ್ಲಿ ನಮ್ಮ ಹುಡುಗರು ಟ್ರೋಫಿಗಾಗಿ ತೂಕ ಕರಗಿಸುತ್ತಿರುತ್ತಾರೆ. ಆಮೇಲೆ ಟ್ರಯಲ್ಸಿನಲ್ಲಿ "ಹುಡುಗ ಚೆನ್ನಾಗಿದ್ದಾನೆ, ಬಾಡಿ ಸಾಲದು" ಎಂಬ ಒಂದೇ ಮಾತಿನಲ್ಲಿ ಕತೆ ಮುಗಿಯುತ್ತದೆ. ಬಾಡಿ ಸಾಲದೆ ಹೋದದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲ.

ದೇಹವನ್ನೇ ನೋಡಿ ಅಳೆಯುವ ಚಟ ನಮ್ಮದು ಮಾತ್ರ ಅಲ್ಲ. ಅಮೆರಿಕದ ಫುಟ್‌ಬಾಲ್ ಲೀಗು ಪ್ರತಿವರ್ಷ ಡ್ರಾಫ್ಟ್ ಎಂಬ ಆಯ್ಕೆ ನಡೆಸುತ್ತದೆ. ಅಲ್ಲಿ ಹರಾಜು ಇಲ್ಲ. ಹಿಂದಿನ ವರ್ಷ ಕೆಳಗಿನ ಸ್ಥಾನದಲ್ಲಿದ್ದ ತಂಡಕ್ಕೆ ಮೊದಲ ಸರದಿ, ಕಾಲೇಜು ಆಟಗಾರರನ್ನು ಸರದಿಯ ಪ್ರಕಾರ ಹೆಸರು ಕೂಗಿ ಆರಿಸುತ್ತಾರೆ. ಅದಕ್ಕೂ ಮೊದಲು ಇಂಡಿಯಾನಾಪೊಲಿಸ್ ನಗರದಲ್ಲಿ ಎಲ್ಲರ ಎತ್ತರ, ತೂಕ, ತೋಳಿನ ಉದ್ದ ಅಳೆದು, 40 ಗಜ ಓಡಿಸಿ, ಸುಮಾರು 102 ಕಿಲೋ ಭಾರವನ್ನು ಮಲಗಿಕೊಂಡು ಎಷ್ಟು ಸಲ ಎತ್ತುತ್ತಾರೆ ಎಂದು ಎಣಿಸುತ್ತಾರೆ. ಎದುರಾಳಿಯ ಚೆಂಡು ಹಿಡಿದವನ ಮೇಲೆ ಮುಗಿಬೀಳುವ ಮುಂಚೂಣಿ ರಕ್ಷಣಾ ಸಾಲಿನ ಆಟಗಾರರಿಗೆ, ಅಂದರೆ ಡಿಫೆನ್ಸಿವ್ ಲೈನ್‌ಮನ್‌ಗಳಿಗೆ, ಈ ಅಳತೆಗಳೆಂದರೆ ಜೀವನ್ಮರಣದ ಪ್ರಶ್ನೆ. ನಮ್ಮ ಕಾರ್ನರ್, ಕವರ್‌ಗಳಿಗೆ ಅಲ್ಲಿನ ಹತ್ತಿರದ ಸಂಬಂಧಿಗಳು ಎಂದರೆ ಇವರೇ.

2008ರಲ್ಲಿ ವರ್ನನ್ ಗೋಲ್‌ಸ್ಟನ್ ಎಂಬಾತ ಆ ಭಾರವನ್ನು 37 ಸಲ ಎತ್ತಿದ. ನ್ಯೂಯಾರ್ಕ್ ಜೆಟ್ಸ್ ತಂಡ ಅವನನ್ನು ಆರನೆಯವನಾಗಿ ಆರಿಸಿತು. ಮೂರು ವರ್ಷ ಆಡಿದ. ಚೆಂಡು ಹಿಡಿದ ಎದುರಾಳಿ ಕ್ವಾರ್ಟರ್‌ಬ್ಯಾಕನ್ನು ಕೆಡವಿದ್ದು ಒಂದು ಸಲವೂ ಇಲ್ಲ. 2014ರಲ್ಲಿ ಆರನ್ ಡೊನಾಲ್ಡ್ ಎಂಬವನ ಬಗ್ಗೆ ಆ ಸ್ಥಾನಕ್ಕೆ ಗಿಡ್ಡವಾಯಿತು, ತೂಕ ಸಾಲದು ಎಂಬ ಮಾತಿತ್ತು. ಹನ್ನೆರಡು ಹೆಸರುಗಳಾದ ಮೇಲೆ ಹದಿಮೂರನೆಯವನಾಗಿ ಆಯ್ಕೆಯಾದ. ಆಮೇಲೆ ಮೂರು ಸಲ ಇಡೀ ಲೀಗಿನ ವರ್ಷದ ರಕ್ಷಣಾ ಆಟಗಾರ ಪ್ರಶಸ್ತಿ ಪಡೆದ. ಅಷ್ಟೊಂದು ಹಣ, ಅಷ್ಟೊಂದು ಯಂತ್ರ, ಅಷ್ಟೊಂದು ತಜ್ಞರಿದ್ದೂ ಆಗುವ ಎಡವಟ್ಟು ಇದು. ಆದರೆ ಒಂದು ವ್ಯತ್ಯಾಸ ಇದೆ. ಡೊನಾಲ್ಡ್ ಹದಿಮೂರಕ್ಕೆ ಜಾರಿದನೇ ಹೊರತು ಕಳೆದುಹೋಗಲಿಲ್ಲ. ಕಾಲೇಜಿನಲ್ಲಿ ಅವನು ಆಡಿದ ಪಂದ್ಯಗಳ ಪೂರ್ತಿ ಚಿತ್ರೀಕರಣ ಇತ್ತು, ಕುಳಿತು ನೋಡುವವರಿದ್ದರು. ಅವನ ದೇಹ ನೋಡಿ ತಲೆ ಅಲ್ಲಾಡಿಸಿದವರಿಗೆ ಅವನ ಆಟ ಉತ್ತರ ಕೊಟ್ಟಿತು. ನಮ್ಮ ಹುಡುಗನ ಪರವಾಗಿ ಉತ್ತರ ಕೊಡಲು ಇರುವುದು ಗೆಳೆಯನ ಮೊಬೈಲು, ಅದರಲ್ಲೂ ಯಾರದೋ ತಲೆ ಅಡ್ಡ.

ಕಾಲೇಜಿನಿಂದ ಲೀಗಿಗೆ ಹೋಗುವ ಬಾಗಿಲು ನಮ್ಮಲ್ಲಿ ಹೇಗಿದೆ ಎಂದೂ ನೋಡಿ. 2022ರ ಒಂಬತ್ತನೇ ಆವೃತ್ತಿಯ ಹರಾಜಿನ ಪಟ್ಟಿಯಲ್ಲಿ 500ಕ್ಕೂ ಹೆಚ್ಚು ಹೆಸರುಗಳಿದ್ದವು. ಅದರಲ್ಲಿ 24 ಮಂದಿ ಆ ವರ್ಷ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಅಗ್ರ ಎರಡು ತಂಡಗಳವರು. 2024ರ ಹರಾಜಿಗೂ ಅದೇ ಕ್ರಮ, ಫೈನಲ್ ತಲುಪಿದ ಎರಡು ವಿಶ್ವವಿದ್ಯಾಲಯಗಳ 24 ಮಂದಿ. ಕಾಲೇಜು ಆಟಗಾರರನ್ನು ಗುರುತಿಸಿದರಲ್ಲ ಎಂದು ಸಂತೋಷಪಡೋಣ. ಆದರೆ ಇದರಲ್ಲಿ ಅಳೆದದ್ದು ಆಟಗಾರನನ್ನಲ್ಲ, ತಂಡವನ್ನು. ಸೆಮಿಫೈನಲಿನಲ್ಲಿ ಒಂದು ಅಂಕದಿಂದ ಸೋತ ತಂಡದ ಅದ್ಭುತ ಕಾರ್ನರ್ ಈ ದಾರಿಯಲ್ಲಿ ಬರುವ ಹಾಗಿಲ್ಲ. ಫೈನಲ್ ತಂಡದ ಹನ್ನೆರಡನೆಯವ, ಇಡೀ ಕೂಟದಲ್ಲಿ ಬೆಂಚಿನಿಂದ ಏಳದಿದ್ದರೂ, ಪಟ್ಟಿಯಲ್ಲಿ ಇರುತ್ತಾನೆ. ರೈಡರ್ ಒಬ್ಬನೇ ಒಂದು ಸಾಧಾರಣ ತಂಡವನ್ನು ಹೆಗಲ ಮೇಲೆ ಹೊತ್ತು ಫೈನಲಿಗೆ ತರುವುದನ್ನು ನೋಡಿದ್ದೇವೆ. ಒಬ್ಬ ಕಾರ್ನರ್ ಹಾಗೆ ತಂದದ್ದನ್ನು ನಾನು ಕಂಡಿಲ್ಲ, ಅವನ ಕೆಲಸದ ಸ್ವಭಾವವೇ ಅಂಥದ್ದು. ಹಾಗಾಗಿ ತಂಡದ ಲೆಕ್ಕದಲ್ಲಿ ಆರಿಸಿದಾಗ ಹೆಚ್ಚು ನಷ್ಟ ಡಿಫೆಂಡರಿಗೇ.

ಉಳಿದ ದಾರಿಗಳು ಯುವ ಆಟಗಾರರ ಟ್ರಯಲ್ಸು, ರಾಷ್ಟ್ರೀಯ ಪಂದ್ಯಾಟಗಳು, ಯುವ ಕಬಡ್ಡಿ ಸರಣಿ, ಮತ್ತು ಯಾರಾದರೂ ಕೋಚಿನ ಮಾತು. ಹರಾಜಿನ ಅತಿ ಕೆಳಗಿನ 'ಡಿ' ವರ್ಗದ ಮೂಲ ಬೆಲೆ 2023ರಿಂದ ಒಂಬತ್ತು ಲಕ್ಷ. ಕೋಟಿಗಳ ಸುದ್ದಿ ಓದುವವರಿಗೆ ಇದು ಸಣ್ಣದು ಅನ್ನಿಸಬಹುದು. ನಮ್ಮ ಹುಡುಗನ ಮನೆಯಲ್ಲಿ ಅಪ್ಪ ಬೇರೆಯವರ ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಮಾಡುತ್ತಾರೆ, ಆ ಮನೆಗೆ ಇದು ಸಣ್ಣದಲ್ಲ. ಅವನ ಮುಂದೆ ಈಗ ಎರಡು ದಾರಿ. ಪರಿಚಯದವರೊಬ್ಬರು ದುಬೈಯಲ್ಲಿ ಸ್ಟೋರ್ ಕೀಪರ್ ಕೆಲಸ ಹೇಳಿದ್ದಾರೆ, ಮಳೆಗಾಲದ ಮೊದಲು ಹೊರಡಬೇಕು. ಇನ್ನೊಂದು, ಒಂದು ವರ್ಷ ಇಲ್ಲೇ ನಿಂತು, ಜಿಮ್ಮಿಗೆ ಹೋಗಿ, ಮೊಟ್ಟೆ ತಿಂದು, ಹತ್ತು ಕಿಲೋ ಏರಿಸಿ, ಟ್ರಯಲ್ಸಿಗೆ ತಿರುಗುವುದು. ಎರಡನೆಯದಕ್ಕೆ ಧೈರ್ಯ ಮಾಡಬೇಕಾದರೆ ಅವನಿಗೆ ಒಂದು ಪ್ರಾಮಾಣಿಕ ಉತ್ತರ ಬೇಕು: ನಾನು ನಿಜವಾಗಿಯೂ ಆ ಮಟ್ಟದವನಾ, ಅಲ್ಲವಾ? ಸರಿಯಾಗಿ ಅಳೆದಿದ್ದರೆ 'ಅಲ್ಲ' ಎಂಬ ಉತ್ತರವೂ ಉಪಕಾರವೇ. ಅವನಿಗೆ ಸಿಗುತ್ತಿರುವುದು ಆ ಉತ್ತರವೂ ಅಲ್ಲ.

ಲೀಗಿನವರ ಕಷ್ಟವೂ ನನಗೆ ಅರ್ಥವಾಗುತ್ತದೆ. ದೇಶದ ತುಂಬಾ ಸಾವಿರಾರು ಹುಡುಗರು, ನೋಡುವವರು ಕೆಲವೇ ಜನ. ಎರಡು ನಿಮಿಷದ ವಿಡಿಯೊ ಕೇಳುವುದು ಅದಕ್ಕೇ. ದೇಹಬಲ ಮುಖ್ಯವಲ್ಲ ಎಂದು ಹೇಳುವಷ್ಟು ಮೂರ್ಖನೂ ನಾನಲ್ಲ. 64 ಕಿಲೋ ಹುಡುಗ ಎಷ್ಟೇ ಬುದ್ಧಿವಂತಿಕೆಯಿಂದ ನಿಂತರೂ ಕೊನೆಗೊಮ್ಮೆ ಹಿಡಿಯಲೇಬೇಕು, ಹಿಡಿದಾಗ ಎಳೆದುಕೊಂಡು ಹೋಗುತ್ತಾರೆ. ಆದರೆ ದೇಹವನ್ನು ಒಂದೆರಡು ವರ್ಷದಲ್ಲಿ ಕಟ್ಟಬಹುದು. ಯಾವ ರೈಡರಿಗೆ ಯಾವಾಗ ಅರ್ಧ ಹೆಜ್ಜೆ ಬಿಡಬೇಕು, ಯಾವಾಗ ಬಿಡಬಾರದು ಎಂಬ ಅಂದಾಜು ಹತ್ತು ವರ್ಷ ಆಡಿ ಬಂದದ್ದು. ಸುಲಭಕ್ಕೆ ಸಿಗದ್ದನ್ನು ಮೊದಲು ನೋಡಬೇಕು ಎಂಬುದು ನನ್ನ ವಾದ, ನಾವು ಮಾಡುತ್ತಿರುವುದು ಉಲ್ಟಾ. ಇರಾನಿನವರನ್ನು ಎಲ್ಲರೂ ಹೊಗಳುವುದು ಅವರ ಕುಸ್ತಿಯ ಮೈಕಟ್ಟಿಗೆ. ಲೀಗಿನಲ್ಲಿ 500ಕ್ಕೂ ಹೆಚ್ಚು ಟ್ಯಾಕಲ್ ಅಂಕ ಗಳಿಸಿದ ಅತ್ರಾಚಲಿಯ ಒಂದು ಪಂದ್ಯವನ್ನು ಅವರ ಮೇಲೆಯೇ ಕಣ್ಣಿಟ್ಟು ನೋಡಿ, ರೈಡರ್ ಎಲ್ಲಿದ್ದರೂ ಸರಿ. ಪಂದ್ಯದ ಹೆಚ್ಚಿನ ಹೊತ್ತು ಅವರು ಹಿಡಿಯುತ್ತಿರುವುದಿಲ್ಲ. ನಿಲ್ಲುತ್ತಿರುತ್ತಾರೆ, ಪಕ್ಕದವನ ಕೈ ಜಗ್ಗುತ್ತಿರುತ್ತಾರೆ, ಕೂಗಿ ಹೇಳುತ್ತಿರುತ್ತಾರೆ.

ಈಗ ನಮ್ಮ ಸರದಿ. ಈ ಬ್ಲಾಗಿನಲ್ಲಿ ಬರೆಯುವ ನಾವೆಲ್ಲ ಒಂದಲ್ಲ ಒಂದು ಕಾಲದಲ್ಲಿ ಕಬಡ್ಡಿ ಪಂದ್ಯಾಟದ ವರದಿ ಬರೆದವರು. ನನ್ನ ಹಳೆಯ ವರದಿಗಳನ್ನು ತೆಗೆದು ನೋಡಿದೆ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಪ್ರಥಮ, ದ್ವಿತೀಯ, ಬೆಸ್ಟ್ ರೈಡರ್, ಕೊನೆಯ ಸಾಲಿನಲ್ಲಿ ಬೆಸ್ಟ್ ಕ್ಯಾಚರ್. ಮುಖ್ಯ ಅತಿಥಿಗಳ ಪಟ್ಟಿ ಉದ್ದವಾದಾಗ ಆ ಕೊನೆಯ ಸಾಲನ್ನು ಡೆಸ್ಕಿನವರು ಕತ್ತರಿಸಿದ್ದೂ ಇದೆ. ಒಂದೇ ಒಂದು ವರದಿಯಲ್ಲಿ ಕೂಡ ಡಿಫೆನ್ಸ್ ಹೇಗೆ ಆಡಿತು ಎಂದು ನಾನು ಬರೆದಿಲ್ಲ. ಗ್ರಾಮೀಣ ಪತ್ರಿಕೋದ್ಯಮ ಎಂದು ಮೂರು ವರ್ಷ ಓದಿದ್ದೇವೆ, ಹಳ್ಳಿಯ ಆಟವನ್ನು ನೋಡಲು ಕಲಿಯಲಿಲ್ಲ.

ಮಾಡಬಹುದಾದದ್ದು ದೊಡ್ಡದೇನಲ್ಲ. ಕಾಲೇಜು ಪಂದ್ಯದ ಸ್ಕೋರರ್ ಪಕ್ಕದಲ್ಲಿ ಒಬ್ಬ ವಿದ್ಯಾರ್ಥಿ, ಒಂದು ನೋಟ್ ಪುಸ್ತಕ. ಪ್ರತಿ ರೈಡಿಗೆ ಒಂದು ಸಾಲು: ರೈಡರ್ ಯಾವ ಕಡೆಗೆ ಬಂದ, ಹಿಡಿಯಲು ಮೊದಲು ಹೋದವರು ಯಾರು, ಬೆನ್ನಿಗೆ ಬಂದವರು ಯಾರು, ಸಿಕ್ಕಿತೋ ತಪ್ಪಿತೋ, ಬೋನಸ್ ಹೋಯಿತೋ, ಖಾಲಿ ಹೋಯಿತೋ, ಆಗ ಅಂಕ ಎಷ್ಟಿತ್ತು, ಒಳಗೆ ಎಷ್ಟು ಜನ ಇದ್ದರು. ಎಲ್ಲಕ್ಕೂ ಒಂದೊಂದು ಅಕ್ಷರದ ಗುರುತು ಮಾಡಿಕೊಂಡರೆ ಮುಂದಿನ ರೈಡಿನ ಒಳಗೆ ಬರೆದು ಮುಗಿಯುತ್ತದೆ. ನಾನು ಒಂದು ಪಂದ್ಯಕ್ಕೆ ಹಾಗೆ ಬರೆದು ನೋಡಿದೆ, ಕೈ ಸ್ವಲ್ಪ ನೋಯುತ್ತದೆ, ಅಷ್ಟೇ. ಒಂದು ಋತುವಿನ ಹತ್ತು ಪಂದ್ಯಗಳಿಗೆ ಹೀಗೆ ಬರೆದರೆ ಒಬ್ಬ ಕಾರ್ನರ್ ಬಗ್ಗೆ ಹೈ ಫೈವ್‌ಗಿಂತ ಹೆಚ್ಚು ಹೇಳಬಹುದು. ಕ್ಯಾಮೆರಾವನ್ನು ರೈಡರಿನ ಹಿಂದೆ ಓಡಿಸದೆ, ಅಂಕಣದ ಹಿಂಬದಿ ಎತ್ತರದಲ್ಲಿ ಒಂದೇ ಕಡೆ ಕಟ್ಟಿಟ್ಟರೆ ಏಳು ಜನರೂ ಕಾಣುತ್ತಾರೆ. ಪತ್ರಿಕೋದ್ಯಮ ವಿಭಾಗ ಇರುವ ಕಾಲೇಜುಗಳಲ್ಲಿ ಕ್ಯಾಮೆರಾ ಉಂಟು, ಇಂಟರ್ನ್‌ಶಿಪ್ ಅಂಕಕ್ಕಾಗಿ ಪರದಾಡುವ ವಿದ್ಯಾರ್ಥಿಗಳೂ ಉಂಟು. ಕಬಡ್ಡಿ ತಂಡವೂ ಅದೇ ಕ್ಯಾಂಪಸ್ಸಿನಲ್ಲಿ ಉಂಟು.

ಪಂದ್ಯಾಟ ಮಾಡುವವರಿಗೂ ಒಂದು ಮಾತು. ಬೆಸ್ಟ್ ಕ್ಯಾಚರ್ ಟ್ರೋಫಿ ಕೊಡಿ, ಬೇಡ ಅನ್ನುವುದಿಲ್ಲ. ಕೊಡುವ ಮೊದಲು ತಪ್ಪಿದ್ದನ್ನೂ ಎಣಿಸಿ. ಮತ್ತೆ 65 ಕೆ.ಜಿ. ವಿಭಾಗದ ತೂಕವನ್ನು ಪಂದ್ಯದ ಹಿಂದಿನ ಸಂಜೆ ನೋಡುವ ಬದಲು ಹದಿನೈದು ದಿನ ಮೊದಲು ಒಮ್ಮೆ, ಆ ದಿನ ಒಮ್ಮೆ ನೋಡಿ. ಮಧ್ಯೆ ನಾಲ್ಕು ಕಿಲೋ ಮಾಯವಾದ ಹುಡುಗನನ್ನು ಆಡಿಸಬೇಡಿ.

ವಿಡಿಯೊ ಏನಾಯಿತು ಎಂದು ಕೇಳುತ್ತೀರಿ. ಎರಡು ನಿಮಿಷದ್ದು ಮಾಡಿಕೊಟ್ಟೆ, ಅವನು ಹೇಳಿದ ಹಾಡನ್ನೇ ಹಾಕಿ. ಅದರ ಜೊತೆಗೆ ಎರಡನೇ ಪಂದ್ಯದ ಮೊದಲಾರ್ಧದ 20 ನಿಮಿಷವನ್ನು ಒಂದೂ ಕಟ್ ಇಲ್ಲದೆ, ಹಾಡಿಲ್ಲದೆ, ಬೇರೆ ಫೈಲ್ ಮಾಡಿ ಕೊಟ್ಟೆ. ಮೂರನೇ ಪಂದ್ಯದ ಕೊನೆಯ ಹತ್ತು ನಿಮಿಷವನ್ನೂ ಕೊಟ್ಟೆ, ಇದು ಕಳಿಸಲಿಕ್ಕಲ್ಲ, ನೀನು ನೋಡ್ಲಿಕ್ಕೆ ಅಂದೆ. ಅವನು ಲ್ಯಾಪ್‌ಟಾಪ್ ಮುಂದೆ ಕುಳಿತು 20 ನಿಮಿಷದ್ದನ್ನು ಪೂರ್ತಿ ನೋಡಿದ. ರೈಡರ್ ಎರಡನೇ ಸಲ ವಾಪಸ್ ಹೋಗುವಲ್ಲಿ ನಿಲ್ಲಿಸಿ, ಹಿಂದೆ ಹಾಕಿ, ಮತ್ತೊಮ್ಮೆ ನೋಡಿದ. "ಇದರಲ್ಲಿ ನಾನು ಏನೂ ಮಾಡ್ಲೇ ಇಲ್ವಲ್ಲ ಅಣ್ಣ" ಅಂದ.

ಮತ್ತೊಮ್ಮೆ ನೋಡು ಅಂದೆ.